ಪಿಎಲ್‌ಸಿ ಶಾಂತಮೂರ್ತಿಯ ಲ್ಯಾಪ್‌ಟಾಪು

ಶಾಂತಮೂರ್ತಿ ತನ್ನ ಲ್ಯಾಪ್‌ಟಾಪನ್ನು ಮದುವೆಮನೆಗೂ ತರುತ್ತಿದ್ದ. ಊಟದ ಪಂಕ್ತಿಯಲ್ಲಿ ಕೂತಾಗ ಆ ಕಪ್ಪು ರೆಕ್ಸಿನ್ ಚೀಲವನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು, ಪಾಯಸ ಬಡಿಸುವವನು ಬಗ್ಗಿದರೆ ಸಾಕು, "ಉಸಾರು, ಉಸಾರು" ಎನ್ನುತ್ತಿದ್ದ. ಪಕ್ಕದಲ್ಲಿ ಕೂತವರು ಅದೇನು ಎಂದು ಕೇಳಲೇಬೇಕು. ಕೇಳದಿದ್ದರೆ ಅವನೇ ಶುರುಮಾಡುತ್ತಿದ್ದ.

"ಇಡೀ ಫ್ಯಾಕ್ಟ್ರಿ ಇದ್ರೊಳಗದೆ ಕಣ್ರಿ. ಇದು ಎದ್ರೆ ಫ್ಯಾಕ್ಟ್ರಿ ಏಳ್ತದೆ, ಇದು ಮಲಗಿದ್ರೆ ಅದೂ ಮಲಗ್ತದೆ."

ನಾನು ಅದೇ ಫ್ಯಾಕ್ಟರಿಯ ಸ್ಟೋರ್ ಕೀಪರ್, ಹೆಸರು ಶಿವನಂಜಯ್ಯ. ಹದಿನೆಂಟು ವರ್ಷ ಅವನ ಈ ಮಾತು ಕೇಳಿ ತಲೆಯಾಡಿಸಿದವನು. ಅವನನ್ನು ಹೀಯಾಳಿಸಿ ಬರೆಯಲು ನನಗೆಷ್ಟು ಹಕ್ಕಿದೆ ಎಂದು ಕೇಳಿದರೆ ಹೆಚ್ಚೇನೂ ಇಲ್ಲ. ಆದರೂ ಬರೆಯುತ್ತೇನೆ.

ಫ್ಯಾಕ್ಟರಿ ಇರುವುದು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ. ಯಜಮಾನರು ಸದಾಶಿವಪ್ಪ. ಬೋರ್ಡಿನ ಮೇಲೆ ಪಶು ಆಹಾರ ಕಾರ್ಖಾನೆ ಎಂದಿದ್ದರೂ ಸುತ್ತಿನವರಿಗೆಲ್ಲ ಅದು ಬೂಸಾ ಫ್ಯಾಕ್ಟರಿ. ಮುಸುಕಿನ ಜೋಳ, ತೌಡು, ಗೋಧಿ ಬೂಸಾ, ಎರಡು ಬಗೆಯ ಹಿಂಡಿ, ಅಕ್ಕಿ ನುಚ್ಚು, ಉಪ್ಪು, ಸುಣ್ಣದ ಪುಡಿ, ಹೀಗೆ ಎಂಟು ಸಾಮಾನು ಎಂಟು ತಗಡಿನ ಕಣಜಗಳಲ್ಲಿ ಇರುತ್ತವೆ. ನಾವು ಅವಕ್ಕೆ ಬಿನ್ನು ಎನ್ನುತ್ತೇವೆ. ಯಾವ ಬಿನ್ನಿನಿಂದ ಎಷ್ಟು ಕೆ.ಜಿ. ಬೀಳಬೇಕು, ಯಾವಾಗ ಬಾಯಿ ಮುಚ್ಚಬೇಕು, ಯಾವಾಗ ಮಿಕ್ಸರ್ ತಿರುಗಬೇಕು ಎಂಬುದನ್ನೆಲ್ಲ ಹೇಳುವುದು ಪ್ಯಾನೆಲ್ ರೂಮಿನೊಳಗೆ ಊಟದ ಡಬ್ಬಿಯಷ್ಟು ದೊಡ್ಡದಿರುವ ಒಂದು ಪೆಟ್ಟಿಗೆ. ಅದೇ ಪಿಎಲ್‌ಸಿ. ಆ ಪೆಟ್ಟಿಗೆಗೆ ಬುದ್ಧಿ ತುಂಬಬೇಕಾದರೆ ಒಂದು ಸಾಫ್ಟ್‌ವೇರು, ಒಂದು ಕಂಪ್ಯೂಟರು, ನಡುವೆ ಒಂದು ಕೇಬಲ್ಲು ಬೇಕು.

ಆ ಬುದ್ಧಿ ತುಂಬಿದವರು ಮೈಸೂರಿನಿಂದ ಬಂದ ಗೋವಿಂದಯ್ಯ ಎಂಬ ಇಂಜಿನಿಯರು, 2006ರಲ್ಲಿ. ಆರು ವಾರ ಕೊಳ್ಳೇಗಾಲದ ಲಾಡ್ಜಿನಲ್ಲಿ ಇದ್ದು, ಧೂಳಿನಲ್ಲೇ ಕೂತು, ಇಡೀ ಪ್ರೋಗ್ರಾಂ ಬರೆದರು. ಹೋಗುವಾಗ ಐಟಿಐ ಮಾಡಿದ್ದ ನಮ್ಮ ವೈರ್‌ಮನ್ ಶಾಂತಮೂರ್ತಿಗೆ ಲ್ಯಾಪ್‌ಟಾಪು, ಕೇಬಲ್ಲು, ನೀಲಿ ರಟ್ಟಿನ ದಪ್ಪ ಪುಸ್ತಕ ಕೊಟ್ಟು ಮೂರು ದಿನ ಪಾಠ ಹೇಳಿದರು. ನನಗೂ ಒಂದು ಸಿ.ಡಿ., ಅದೇ ಪುಸ್ತಕದ ಇನ್ನೊಂದು ಪ್ರತಿ ಕೊಟ್ಟು ಸಹಿ ಹಾಕಿಸಿಕೊಂಡರು. "ಶಿವನಂಜಯ್ಯನೋರೆ, ಇದು ಸ್ಟೋರ್ ಕಾಪಿ, ಜೋಪಾನ" ಎಂದರು. ನಾನು ಜೋಪಾನವಾಗಿ ಕೆಳಗಿನ ರ‍್ಯಾಕಿನಲ್ಲಿಟ್ಟು, ಅಷ್ಟೇ ಜೋಪಾನವಾಗಿ ಮರೆತೆ.

ಮೂರು ದಿನದಲ್ಲಿ ಶಾಂತಮೂರ್ತಿ ಕಲಿತದ್ದು ಇಷ್ಟು: ಲ್ಯಾಪ್‌ಟಾಪು ಆನ್ ಮಾಡುವುದು, ಕೇಬಲ್ ಚುಚ್ಚುವುದು, ಮೇಲಿನ ಸಾಲಿನ ಹಸಿರು ಬಾಣದ ಗುರುತನ್ನು ಒತ್ತುವುದು. ಉಳಿದದ್ದನ್ನು ಆಮೇಲೆ ಕಲಿಯಬಹುದಿತ್ತು. ಪುಸ್ತಕ ಇತ್ತು, ಗೋವಿಂದಯ್ಯನವರ ಫೋನ್ ನಂಬರಿತ್ತು, ಮುಂದೆ ಹದಿನೆಂಟು ವರ್ಷಗಳಿದ್ದವು. ಅವನು ಕಲಿಯಲಿಲ್ಲ. ತಿಳಿಯದ್ದನ್ನು ಕಲಿಯುವುದಕ್ಕಿಂತ ತಿಳಿದವನ ಹಾಗೆ ಇರುವುದು ಸುಲಭ ಎಂಬುದು ಮಾತ್ರ ಅವನಿಗೆ ಬಹಳ ಬೇಗ ತಿಳಿಯಿತು.

ವೈರ್‌ಮನ್ ಶಾಂತ ಎರಡೇ ವರ್ಷದಲ್ಲಿ ಪಿಎಲ್‌ಸಿ ಸಾಹೇಬನಾದ. ಅವನ ಊರು ಯಳಂದೂರಿನ ಪಕ್ಕದ ಅಗರ. ಅಲ್ಲಿ ಅವನ ಹೆಂಡತಿ "ನಮ್ಮನೆಯವ್ರು ಇಂಜಿನಿಯರ್ ಪೋಸ್ಟಲ್ಲವ್ರೆ" ಎಂದು ಹೇಳಿಕೊಂಡು ತಿರುಗಿದಳು. ಪಾಪ, ಅವಳಿಗೆ ಅವನು ಹೇಳಿದ್ದೇ ಅಷ್ಟು. ಆಯುಧಪೂಜೆಯ ದಿನ ಲ್ಯಾಪ್‌ಟಾಪಿಗೆ ಮೊದಲ ಹಾರ, ಯಜಮಾನರ ಕಾರಿಗೆ ಎರಡನೆಯದು. ಯಂತ್ರ ಎಲ್ಲಾದರೂ ನಿಂತರೆ ಅವನು ಪ್ಯಾನೆಲ್ ರೂಮಿಗೆ ಬಂದು "ಎಲ್ರೂ ಆಚೆ ಓಗಿ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದ. ಅರ್ಧ ಗಂಟೆಯಾದ ಮೇಲೆ ಹಣೆ ಒರೆಸಿಕೊಳ್ಳುತ್ತ ಹೊರಗೆ ಬರುವಷ್ಟರಲ್ಲಿ ಯಂತ್ರ ಓಡುತ್ತಿರುತ್ತಿತ್ತು. ಆಪರೇಟರ್ ಶಂಕರ್ ಅಷ್ಟರಲ್ಲಿ ಮೇಲೆ ಹತ್ತಿ, ಸಿಕ್ಕಿಕೊಂಡಿದ್ದ ಬಿನ್ನಿನ ಬಾಯಿಯ ಗೇಟಿಗೆ ಸುತ್ತಿಗೆಯಿಂದ ಎರಡು ಕೊಟ್ಟು ಬಂದಿರುತ್ತಿದ್ದ. ಹೆಸರು ಮಾತ್ರ ಶಾಂತಮೂರ್ತಿಗೆ.

ಗೋವಿಂದಯ್ಯನವರು 2011ರಲ್ಲಿ ಒಂದು ಸಲ ಬಂದು ಪೆಟ್ಟಿಗೆಯ ಬ್ಯಾಟರಿ ಬದಲಾಯಿಸಿ ಹೋದರು. ಅದಾದ ಕೆಲವೇ ತಿಂಗಳಿಗೆ ಹೃದಯಾಘಾತವಾಗಿ ತೀರಿಕೊಂಡರು. ಸುದ್ದಿ ಬಂದ ದಿನ ಶಾಂತಮೂರ್ತಿ ಬಹಳ ದುಃಖಪಟ್ಟ. ಆದರೆ ಮರುದಿನದಿಂದ ಅವನ ನಡಿಗೆಯೇ ಬದಲಾಯಿತು. ಇನ್ನು ಅವನನ್ನು ಪರೀಕ್ಷೆ ಮಾಡುವವರು ಯಾರೂ ಉಳಿದಿರಲಿಲ್ಲ.

ಮುಂದಿನ ವರ್ಷ ಯಜಮಾನರಿಗೆ ಒಬ್ಬ ಪಶುವೈದ್ಯರು ಮಿನರಲ್ ಪುಡಿ ಸೇರಿಸಿದರೆ ಹಸು ಚೆನ್ನಾಗಿ ಗಬ್ಬ ಕಟ್ಟುತ್ತದೆ, ಹಾಲೂ ಹೆಚ್ಚುತ್ತದೆ ಎಂದರು. ಮೇಲಿನ ಅಟ್ಟದಲ್ಲಿ, ಎಂಟು ಬಿನ್ನುಗಳ ಪಕ್ಕದಲ್ಲಿ, ಮೊದಲಿನಿಂದಲೂ ಖಾಲಿ ಬಿದ್ದಿದ್ದ ಎರಡು ಸಣ್ಣ ಬಿನ್ನುಗಳಿದ್ದವು. ಪುಡಿ ತಳ್ಳುವ ಮೋಟಾರು ಕೂಡ ಗೋಣಿತಾಟು ಹೊದ್ದು ಅಲ್ಲೇ ಕೂತಿತ್ತು. ಯಜಮಾನರು ಅದನ್ನು ತೋರಿಸಿ, "ಇದ್ರಲ್ಲಿ ಹಾಕಕ್ಕಾಗಲ್ವೇನಯ್ಯಾ?" ಎಂದು ಕೇಳಿದಾಗ ನಾನು ಅಲ್ಲೇ ಇದ್ದೆ.

ಶಾಂತಮೂರ್ತಿ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದ. ಹಾಗೆ ಯೋಚಿಸುವುದನ್ನು ಅವನು ಚೆನ್ನಾಗಿ ಕಲಿತಿದ್ದ.

"ಪ್ರೋಗ್ರಾಂನಲ್ಲಿ ಜಾಗ ಇಲ್ಲ ಯಜಮಾನ್ರೇ. ಎಂಟಕ್ಕೇ ಬರ್ದಿರದು. ಒಂಬತ್ತನೇದು ಸೇರ್ಸಕ್ಕೆ ಓದ್ರೆ ಇರೋ ಎಂಟೂ ಓಯ್ತವೆ."

"ಮೈಸೂರಿಂದ ಯಾರನ್ನಾದ್ರೂ ಕರೆಸಿದ್ರೆ?" ಎಂದು ನಾನು ಕೇಳಿದೆ.

"ಶಿವನಂಜಣ್ಣ, ಈ ಸಾಫ್ಟ್‌ವೇರು ಈ ಲ್ಯಾಪ್‌ಟಾಪ್ ಬುಟ್ರೆ ಪ್ರಪಂಚದಲ್ಲಿ ಎಲ್ಲೂ ಓಡಲ್ಲ. ಬಂದೋರು ಏನ್ ಮಾಡಾರು? ಟೀ ಕುಡ್ದು ಓಯ್ತಾರೆ."

ಈ ಮಾತಿನಲ್ಲಿ ಅರ್ಧ ನಿಜವಿತ್ತು, ಅದೇ ಅವನ ಬಂಡವಾಳ. ಆ ಲ್ಯಾಪ್‌ಟಾಪಿನಲ್ಲಿದ್ದದ್ದು ಹಳೆಯ ವಿಂಡೋಸ್. ಆಮೇಲೆ ಬಂದ ವಿಂಡೋಸ್‌ಗಳಲ್ಲಿ ಆ ಸಾಫ್ಟ್‌ವೇರು ಕೂರುತ್ತಿರಲಿಲ್ಲ. ಆಫೀಸಿಗೆ ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಅವನು ಬಂದು, ಬಗ್ಗಿ ನೋಡಿ, "ಇದ್ರಲ್ಲೂ ಓಡಲ್ಲ" ಎಂದು ನಗುತ್ತಿದ್ದ. ವಿಂಡೋಸ್ ಏಳು ಬಂದಾಗ ನಕ್ಕ, ಹತ್ತು ಬಂದಾಗ ಇನ್ನೂ ನಕ್ಕ, ಹನ್ನೊಂದು ಬಂದಾಗ ಸ್ವೀಟು ಹಂಚುವುದೊಂದು ಬಾಕಿ. ಜಗತ್ತು ಮುಂದೆ ಹೋದಷ್ಟೂ ತನ್ನ ಬೆಲೆ ಹೆಚ್ಚುತ್ತದೆ ಎಂದು ಲೆಕ್ಕ ಹಾಕಿದ್ದ ಮನುಷ್ಯ ಅವನು.

"ಹಂಗಾದ್ರೆ ಕೈಲಿ ಹಾಕ್ಸಿ" ಎಂದರು ಯಜಮಾನರು. ಆ ಕೈ ಪುಟ್ಟಮಾದಪ್ಪನದಾಯಿತು.

ಪುಟ್ಟಮಾದಪ್ಪ ಕಾಮಗೆರೆಯವನು, ಆಗ ನಲವತ್ತೆಂಟು ವರ್ಷ. ಒಂದೊಂದು ಟನ್ ಮಿಶ್ರಣಕ್ಕೆ ಹತ್ತು ಕೆ.ಜಿ. ಮಿನರಲ್ ಪುಡಿ, ದಿನಕ್ಕೆ ನಲವತ್ತು ಸಲ. ಎಂದರೆ ಇಪ್ಪತ್ತೈದು ಕೆ.ಜಿ.ಯ ಹದಿನಾರು ಚೀಲ ಇಪ್ಪತ್ತಾರು ಮೆಟ್ಟಿಲು ಹೊತ್ತುಕೊಂಡು ಹೋಗಿ, ಮಿಶ್ರಣದ ಗಂಟೆ ಹೊಡೆದಾಗಲೆಲ್ಲ ಬಕೆಟ್ಟಿನಲ್ಲಿ ತುಂಬಿ ಮಿಕ್ಸರ್ ಬಾಯಿಗೆ ಸುರಿಯಬೇಕು. ಗಂಟೆಗೂ ಗಂಟೆಗೂ ನಡುವೆ ಕೂರಲು ಐದು ನಿಮಿಷ ಸಿಗುತ್ತಿತ್ತು, ಮಳೆಗಾಲದಲ್ಲಿ ಪುಡಿ ಗಂಟು ಕಟ್ಟಿದರೆ ಅದೂ ಇಲ್ಲ. ಮಧ್ಯಾಹ್ನ ಊಟಕ್ಕೆ ಇಳಿದು ಬಂದಾಗ ಅವನ ಹುಬ್ಬು, ಕಿವಿಯ ಕೂದಲು ಎಲ್ಲ ಬೆಳ್ಳಗಿರುತ್ತಿದ್ದವು. ಹನ್ನೆರಡು ವರ್ಷದಲ್ಲಿ ಅವನ ಬಲಭುಜ ಕಣ್ಣಿಗೆ ಕಾಣುವಷ್ಟು ಇಳಿದುಬಿಟ್ಟಿತು. ನಾನು ಸ್ಟೋರಿನಿಂದ ಅವನಿಗೆ ವರ್ಷಕ್ಕೆರಡು ಹೊಸ ಬಕೆಟ್ಟು ಕೊಡುತ್ತಿದ್ದೆ. ನಾನು ಮಾಡಿದ್ದು ಅಷ್ಟು.

2021ರಲ್ಲಿ ಪೆಟ್ಟಿಗೆಯ ಮೇಲೆ ಒಂದು ಸಣ್ಣ ಕೆಂಪು ದೀಪ ಹತ್ತಿಕೊಂಡಿತು. ಬ್ಯಾಟರಿ ಮುಗಿಯುತ್ತಿದೆ, ಒಂದು ವಾರದೊಳಗೆ ಬದಲಾಯಿಸಿ ಎಂದು ಅದರ ಅರ್ಥ. ಪುಸ್ತಕದಲ್ಲಿ ದಪ್ಪಕ್ಷರದಲ್ಲೇ ಇದೆ, ಈಚೆಗೆ ಓದಿದೆ. ಕರೆಂಟು ಇರುವಷ್ಟು ದಿನ ಆ ಬ್ಯಾಟರಿಗೆ ಕೆಲಸವಿಲ್ಲ. ಕರೆಂಟು ಹೋದಾಗ ಪ್ರೋಗ್ರಾಂ ಅಳಿಸಿಹೋಗದಂತೆ ಹಿಡಿದಿಟ್ಟುಕೊಳ್ಳುವುದು ಅದೇ. ಒಂದೆರಡು ದಿನ ಹೋದರೆ ಪೆಟ್ಟಿಗೆ ಹೇಗೋ ತಡೆದುಕೊಳ್ಳುತ್ತಿತ್ತು. ಹೊಸ ಬ್ಯಾಟರಿ ನನ್ನ ಡ್ರಾಯರಿನಲ್ಲೇ ಇತ್ತು. ಶಾಂತಮೂರ್ತಿಗೆ ಪೆಟ್ಟಿಗೆಯ ಮುಚ್ಚಳ ತೆಗೆಯುವ ಧೈರ್ಯವಿರಲಿಲ್ಲ. ಅವನು ಆ ದೀಪದ ಮೇಲೆ ಒಂದು ತುಂಡು ಕಪ್ಪು ಟೇಪು ಅಂಟಿಸಿದ.

"ಅದು ಸುಮ್ನೆ ಉರೀತದೆ, ಕಣ್ಣು ಕುಕ್ತದೆ ಅಂತ ಮುಚ್ಚಿದೀನಿ" ಎಂದು ಶಂಕರ್‌ಗೆ ಹೇಳಿದನಂತೆ.

2024ರ ಆಷಾಢದಲ್ಲಿ ಫ್ಯಾಕ್ಟರಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಇನ್ನೊಂದು ಬಂದು ಕೂರುವುದಕ್ಕೆ ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಬೆಳಿಗ್ಗೆ ಕರೆಂಟು ಬಂದಾಗ ಮೋಟಾರುಗಳು ಸರಿ, ಫ್ಯಾನು ಸರಿ, ಪಿಎಲ್‌ಸಿ ಮಾತ್ರ ಉಸಿರೆತ್ತಲಿಲ್ಲ. ಶಾಂತಮೂರ್ತಿ ಎಂದಿನಂತೆ ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ಒಂದು ಗಂಟೆಯಾಯಿತು, ಎರಡಾಯಿತು, ಮೂರಾಯಿತು. ಒಳಗಿನಿಂದ ಟಿಕ್ ಟಿಕ್ ಎಂಬ ಸಣ್ಣ ಸದ್ದು ಬರುತ್ತಿತ್ತು. ಅದು ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಾಯುತ್ತಿದ್ದ ಸದ್ದು ಎಂಬುದು ನಮಗೆ ಆಮೇಲೆ ಗೊತ್ತಾಯಿತು.

ಹೊರಗೆ ಬಂದವನ ಮುಖ ಬಿಳಿಚಿಕೊಂಡಿತ್ತು. ಆದರೂ ಮಾತು ಎಡವಲಿಲ್ಲ. "ಪಿಎಲ್‌ಸಿ ಸುಟ್ಟೋಗದೆ ಯಜಮಾನ್ರೇ. ಕಂಪನಿಯೋರು ಈ ಮಾಡಲ್ ನಿಲ್ಸಿ ಎಷ್ಟೋ ವರ್ಷ ಆಯ್ತು. ಹೊಸ ಪ್ಯಾನೆಲ್ಲೇ ಹಾಕ್ಸಬೇಕು."

ಏನೂ ಸುಟ್ಟಿರಲಿಲ್ಲ. ಅವನಿಗದು ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ತನಗೆ ಗೊತ್ತಿಲ್ಲ ಎಂದು ಹೇಳುವುದಕ್ಕಿಂತ ಇಡೀ ಪ್ಯಾನೆಲ್ ಕಿತ್ತು ಬಿಸಾಡಿಸುವುದು ಅವನಿಗೆ ಹಗುರವಾಗಿ ಕಂಡಿತು.

ಬೆಂಗಳೂರಿನ ಒಂದು ಏಜೆನ್ಸಿಯಿಂದ ಇಬ್ಬರು ಇಂಜಿನಿಯರುಗಳು ಕಾರಿನಲ್ಲಿ ಬಂದರು. ಇಬ್ಬರ ಲ್ಯಾಪ್‌ಟಾಪೂ ತಟ್ಟೆಯಷ್ಟು ತೆಳ್ಳಗೆ. ಎಲ್ಲಿಂದಲೋ ಆ ಹಳೆಯ ಸಾಫ್ಟ್‌ವೇರನ್ನು ಇಳಿಸಿಕೊಂಡರು. ಒತ್ತಿದರೆ, ಇದು ನಿಮ್ಮ ಕಂಪ್ಯೂಟರಿನಲ್ಲಿ ಓಡುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬಂತು. ಇನ್ನೊಮ್ಮೆ ಒತ್ತಿದರು. ಅದೇ ಬಂತು. ಕೇಬಲ್ ಹಾಕಲು ಅವರ ಲ್ಯಾಪ್‌ಟಾಪಿನಲ್ಲಿ ತೂತೇ ಇರಲಿಲ್ಲ. ಒಬ್ಬ ಪ್ಯಾನೆಲ್ಲಿನ ಫೋಟೋ ತೆಗೆದು ಯಾರಿಗೋ ಕಳಿಸಿ ನಕ್ಕ. "ಮ್ಯೂಸಿಯಂ ಪೀಸ್ ಸಾರ್ ಇದು. ಎಲ್ಲಾ ಚೇಂಜ್ ಮಾಡ್ಬೇಕು, ನಾಲ್ಕು ತಿಂಗಳು." ಹನ್ನೊಂದಕ್ಕೆ ಬಂದವರು ಊಟದ ಹೊತ್ತಿಗೆ ಹೊರಟುಹೋದರು. ಶಾಂತಮೂರ್ತಿ ಅವರನ್ನು ಗೇಟಿನವರೆಗೂ ಕಳಿಸಿಬಂದು, "ನಾನೇಳ್ಲಿಲ್ವಾ?" ಎಂದ. ಮೂರು ವಾರದಲ್ಲಿ ಅವನ ಮುಖದ ಮೇಲೆ ಬಣ್ಣ ಬಂದದ್ದು ಆ ದಿನವೇ.

ಅಷ್ಟು ದಿನವೂ ಫ್ಯಾಕ್ಟರಿ ಕೈಯಲ್ಲೇ ನಡೆಯಿತು. ಶಾಂತಮೂರ್ತಿ ಸ್ವಿಚ್ಚು ಹಿಡಿದು ನಿಲ್ಲುವುದು, ಶಂಕರ್ ಮೇಲಿನಿಂದ "ಸಾಕು" ಎಂದು ಕೂಗುವುದು. ಸದ್ದಿನಲ್ಲಿ ಕೂಗು ಕೇಳುತ್ತಿರಲಿಲ್ಲ. ಒಂದು ಚೀಲದಲ್ಲಿ ಬರೀ ತೌಡು, ಇನ್ನೊಂದರಲ್ಲಿ ಹಿಡಿಗಟ್ಟಲೆ ಉಪ್ಪು. ಮೊದಲ ವಾರದಲ್ಲೇ ಒಡೆಯರಪಾಳ್ಯದ ಟಿಬೆಟಿಯನ್ ಕ್ಯಾಂಪಿನವರು ಏನೂ ಮಾತಾಡದೆ ನಲವತ್ತು ಚೀಲ ವಾಪಸ್ ಕಳಿಸಿದರು. ಇಂಜಿನಿಯರುಗಳು ಹೋದ ಮರುದಿನ ಹೂಗ್ಯಂನ ಹಾಲಿನ ಸಂಘದ ಕಾರ್ಯದರ್ಶಿ ರಂಗಸ್ವಾಮಿ ಚೀಲದ ಜೊತೆಗೆ ತಾನೂ ಬಂದ.

"ನಮ್ಮ ಅಸ ಮೂಸಿ ನೋಡಿ ಮಕ ತಿರುಗಿಸ್ತು ಕಣ್ರಿ" ಎಂದು ಸ್ಟೋರಿನ ಬಾಗಿಲಲ್ಲೇ ಶುರುಮಾಡಿದ. "ನಾನೂ ನಾಲ್ಗೆ ಮ್ಯಾಲೆ ಇಟ್ಕಂಡು ನೋಡ್ದೆ. ಅಸೀಗೆ ಬೂಸಾ ಕೊಡಿ ಅಂದ್ರೆ ಉಪ್ಪಿನಕಾಯಿ ಕೊಟ್ಟಿದೀರಲ್ಲಾ!"

ಕೂರಿಸಿ ನೀರು ಕೊಟ್ಟು ನಡೆದದ್ದನ್ನು ಹೇಳಿದೆ. ಹಳೆಯ ಸಾಫ್ಟ್‌ವೇರು ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲವಂತೆ ಎಂದಾಗ ಅವನು ನೀರಿನ ಲೋಟ ಕೆಳಗಿಟ್ಟ.

"ಯಾರಂದೋರು? ಹನೂರಲ್ಲಿ ಕ್ರಯಪತ್ರ ಬರೆಯೋರು ಓಬೀರಾಯನ ಕಾಲದ ಕನ್ನಡ ಟೈಪಿಂಗ್ ಸಾಫ್ಟ್‌ವೇರೇ ಬೇಕು ಅಂತ ಕುಂತವ್ರೆ. ಹೊಸ ಕಂಪ್ಯೂಟರ್‌ನಲ್ಲೇ ಓಡಿಸ್ಕೊಟ್ಟವ್ಳೆ ಯಶೋದ. ಬಸ್‌ಸ್ಟ್ಯಾಂಡ್ ತಾವು ಜೆರಾಕ್ಸ್ ಅಂಗಡಿ ಇಟ್ಕಂಡವ್ಳಲ್ಲ, ನಮ್ಮೂರ ಎಣ್ಮಗಳೇ. ಒಂದ್ ಮಾತು ಕೇಳಿ."

ಯಜಮಾನರಿಗೆ ಹೇಳಿದೆ. ಅವರು ಬೇರೆ ದಾರಿ ಕಾಣದೆ ಒಪ್ಪಿದರು. ಶಾಂತಮೂರ್ತಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಜೆರಾಕ್ಸ್ ಅಂಗಡಿಯೋಳಾ? ಪಿಎಲ್‌ಸಿನ ಜೆರಾಕ್ಸ್ ಮಾಡಿಸ್ತೀರಾ ಶಿವನಂಜಣ್ಣ?"

ಗುರುವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಯಶೋದ ಬಂದಳು. ನಲವತ್ತರ ಆಸುಪಾಸು, ಹತ್ತಿ ಸೀರೆ, ಕೈಯಲ್ಲೊಂದು ಬಟ್ಟೆ ಚೀಲ. ಅದರಲ್ಲಿ ಲ್ಯಾಪ್‌ಟಾಪು, ಸಿ.ಡಿ. ಓದುವ ಸಣ್ಣ ಡ್ರೈವು, ಊಟದ ಡಬ್ಬಿ. ಪ್ಯಾನೆಲ್ ರೂಮಿನಲ್ಲಿ ಯಜಮಾನರು, ಶಾಂತಮೂರ್ತಿ, ಶಂಕರ್, ನಾನು ಎಲ್ಲ ನಿಂತಿದ್ದೆವು.

"ಸಾ, ಮೊದ್ಲೇ ಹೇಳ್ಬುಡ್ತೀನಿ" ಎಂದಳು. "ಪಿಎಲ್‌ಸಿ ಅಂದ್ರೆ ಏನು ಅಂತ ನಂಗೆ ಗೊತ್ತಿಲ್ಲ. ಹಳೇ ಸಾಫ್ಟ್‌ವೇರ್‌ನ ಹೊಸ ಕಂಪ್ಯೂಟರ್‌ಗೆ ಕೂರ್ಸೋದು ಗೊತ್ತು. ಅಷ್ಟು ಮಾಡ್ತೀನಿ."

ಆ ರೂಮಿನೊಳಗೆ ಯಾರಾದರೂ ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಒರಿಜಿನಲ್ ಸಿ.ಡಿ. ಏನಾದ್ರೂ ಇದ್ಯಾ?" ಎಂದು ಕೇಳಿದಳು. ಶಾಂತಮೂರ್ತಿ ಇಲ್ಲ ಎಂದ. ಆಗ ನನಗೆ ಗೋವಿಂದಯ್ಯನವರ ನೆನಪಾಯಿತು. ಸ್ಟೋರಿಗೆ ಹೋದೆ. ಕೆಳಗಿನ ರ‍್ಯಾಕಿನಲ್ಲಿ, ಫ್ಯಾನ್ ಬೆಲ್ಟುಗಳ ಅಡಿಯಲ್ಲಿ, ಪುಸ್ತಕವೂ ಇತ್ತು, ಸಿ.ಡಿ.ಯೂ ಇತ್ತು. ಸಾಫ್ಟ್‌ವೇರು, ಕೊನೆಯ ಪ್ರೋಗ್ರಾಂ, ಎರಡೂ ಇದರಲ್ಲಿವೆ ಎಂದು ಅವರ ದುಂಡು ಅಕ್ಷರದಲ್ಲಿ ಬರೆದಿತ್ತು. ಮೂರು ವಾರದಿಂದ ಹಸುಗಳಿಗೆ ಉಪ್ಪು ತಿನ್ನಿಸುತ್ತಿದ್ದೆವು, ಮದ್ದು ನನ್ನ ಕಾಲ ಬುಡದಲ್ಲೇ ಬಿದ್ದಿತ್ತು. ತಂದುಕೊಟ್ಟಾಗ ಯಜಮಾನರು ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ.

ಯಶೋದ ಸಿ.ಡಿ.ಯನ್ನು ಸೆರಗಿನಿಂದ ಒರೆಸಿ ಹಾಕಿದಳು. ಅವಳ ಕಂಪ್ಯೂಟರಿನಲ್ಲೂ ಅದೇ ಇಂಗ್ಲಿಷ್ ಮಾತು ಬಂತು. ಶಾಂತಮೂರ್ತಿ ಗಂಟಲು ಸರಿಮಾಡಿಕೊಂಡ. ಅವಳು ಅತ್ತ ನೋಡಲೂ ಇಲ್ಲ. "ಇದು ಮಾಮೂಲಿ" ಎಂದು, ತನ್ನ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ತೆರೆದಳು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹೊಸ ವಿಂಡೋಸ್‌ನೊಳಗೆ ಒಂದು ಕಿಟಕಿ, ಆ ಕಿಟಕಿಯೊಳಗೆ ಹಳೆಯ ವಿಂಡೋಸ್. ಒಳಗಿರುವ ಸಾಫ್ಟ್‌ವೇರಿಗೆ ಹೊರಗೆ ಇಪ್ಪತ್ತು ವರ್ಷ ಕಳೆದಿದೆ ಎಂಬುದೇ ಗೊತ್ತಾಗುವುದಿಲ್ಲ. ಪತ್ರ ಬರೆಯುವವರಿಗೆ ಅವಳು ಮಾಡಿಕೊಟ್ಟದ್ದೂ ಇದನ್ನೇ. ಮಧ್ಯಾಹ್ನದ ಹೊತ್ತಿಗೆ ಸಾಫ್ಟ್‌ವೇರು ಆ ಕಿಟಕಿಯೊಳಗೆ ಹೋಗಿ ಕೂತಿತು.

"ಕೇಬಲ್ ಕೊಡಿ ಸಾ."

"ಮನೇಲದೆ" ಎಂದ ಶಾಂತಮೂರ್ತಿ.

"ತರಿಸ್ಕೊಡ್ತೀರಾ?"

"ನಾಳೆ ನೋಡಣ. ಅದು ಎಲ್ಲಾ ಕಂಪ್ಯೂಟರ್‌ಗೂ ಒಗ್ಗಲ್ಲ."

ಯಶೋದ ಅವನ ಮುಖ ನೋಡಿದಳು. ನೀಲಿ ಪುಸ್ತಕ ತೆಗೆದು ಹಾಳೆ ತಿರುವಿ, ಕೇಬಲ್ಲಿನ ಚಿತ್ರ ಹುಡುಕಿದಳು. ಒಂಬತ್ತು ಪಿನ್ನಿನಲ್ಲಿ ಮೂರು ತಂತಿ, ಎರಡು ಅಡ್ಡಡ್ಡ. ಊಟ ಮುಗಿಸಿ ನನ್ನ ಸ್ಕೂಟರಿನ ಹಿಂದೆ ಕೂತು ಕೊಳ್ಳೇಗಾಲಕ್ಕೆ ಹೋಗಿ, ಎರಡು ಪ್ಲಗ್ಗು, ಯುಎಸ್‌ಬಿಯಿಂದ ಆ ಹಳೆಯ ತೂತಿಗೆ ಬದಲಾಯಿಸುವ ಎರಡು ಬೇರೆ ಬೇರೆ ಕಂಪನಿಯ ಕನ್ವರ್ಟರು ಕೊಂಡಳು. "ಒಂದು ಕೈ ಕೊಟ್ರೆ ಇನ್ನೊಂದು ಇರ್ಲಿ" ಎಂದಳು. ಅವಳೆಂದಂತೆ ಒಂದು ಕೈ ಕೊಟ್ಟಿತು. ವಾಪಸ್ ಬಂದು ಶಂಕರ್‌ನ ಸೋಲ್ಡರಿಂಗ್ ಕಡ್ಡಿ ಇಸಕೊಂಡು ಇಪ್ಪತ್ತು ನಿಮಿಷದಲ್ಲಿ ಕೇಬಲ್ ಕಟ್ಟಿದಳು. ಶಾಂತಮೂರ್ತಿ ಹದಿನೆಂಟು ವರ್ಷ ಹೊತ್ತು ತಿರುಗಿದ್ದರ ಅರ್ಧ ಇಷ್ಟೇ ಆಗಿತ್ತು.

ಎರಡನೇ ಕನ್ವರ್ಟರನ್ನು ಕಂಪ್ಯೂಟರು ಗುರುತಿಸಿತಾದರೂ ಅದು ಕೂತ ತೂತಿಗೆ ಏಳನೇ ನಂಬರು ಕೊಟ್ಟಿತು. ಹಳೆಯ ಸಾಫ್ಟ್‌ವೇರಿಗೆ ಎಣಿಕೆ ನಾಲ್ಕರವರೆಗೆ ಮಾತ್ರ ಗೊತ್ತು. ಅದನ್ನು ಎರಡು ಎಂದು ತಿದ್ದಿದಳು. ಅಷ್ಟರಲ್ಲಿ ಶಂಕರ್ ದೀಪದ ಮೇಲಿನ ಟೇಪು ಕಿತ್ತು, ಪುಸ್ತಕ ನೋಡಿಕೊಂಡು ಹೊಸ ಬ್ಯಾಟರಿ ಹಾಕಿದ. ಎರಡು ನಿಮಿಷದ ಕೆಲಸ.

"ಈಗ ಪ್ರೋಗ್ರಾಂನ ಪೆಟ್ಟಿಗೆಗೆ ತುಂಬ್ಬೇಕು. ಯಾವ ಬಟನ್ ಸಾ?" ಎಂದು ಯಶೋದ ಶಾಂತಮೂರ್ತಿಯನ್ನೇ ಕೇಳಿದಳು. ಅವನಿಗೆ ಮರ್ಯಾದೆ ಕೊಡುವುದಕ್ಕೇ ಕೇಳಿದ್ದು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅವನು ಮುಂದೆ ಬಂದು, ಎದೆ ಸೆಟೆದು, ಹಸಿರು ಬಾಣ ತೋರಿಸಿದ. "ಅದೇ. ನಾನು ಯಾವಾಗ್ಲೂ ಅದನ್ನೇ ಒತ್ತದು."

ಅವಳು ಬೆರಳು ತಡೆದು ಪುಸ್ತಕ ನೋಡಿದಳು. ಇನ್ನೊಮ್ಮೆ ನೋಡಿದಳು.

"ಸಾ, ಇದು ಪೆಟ್ಟಿಗೇಲಿ ಇರೋದ್ನ ಕಂಪ್ಯೂಟರ್‌ಗೆ ತರೋದಲ್ವಾ? ಪೆಟ್ಟಿಗೆ ಖಾಲಿ ಅದೆ. ಖಾಲೀನ ಇಲ್ಲಿಗೆ ತಂದ್ರೆ ಇಲ್ಲಿರೋದೂ ಹೋಗುತ್ತೆ."

ಹದಿನೆಂಟು ವರ್ಷ, ಬಾಗಿಲು ಹಾಕಿಕೊಂಡು, ಈತ ಮಾಡಿದ್ದು ಇದು. ಪೆಟ್ಟಿಗೆಯಲ್ಲಿದ್ದದ್ದನ್ನು ಲ್ಯಾಪ್‌ಟಾಪಿಗೆ ತರುವುದು, ನೋಡುವುದು, ಮುಚ್ಚುವುದು. ಪೆಟ್ಟಿಗೆಗೆ ಒಂದು ಅಕ್ಷರವನ್ನೂ ಕಳಿಸಿದವನಲ್ಲ. ಯಂತ್ರ ರಿಪೇರಿಯಾಗಿದ್ದು ಶಂಕರ್‌ನ ಸುತ್ತಿಗೆಯಿಂದ.

ಯಶೋದ ಪಕ್ಕದ ಬಟನ್ ಒತ್ತಿದಳು. ಒಂದು ಗೆರೆ ನಿಧಾನಕ್ಕೆ ತುಂಬಿಕೊಳ್ಳುತ್ತ ಹೋಯಿತು. ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿತು. ಮೇಲೆ ಎಂಟು ಗೇಟುಗಳು ಒಂದಾದ ಮೇಲೊಂದು ಟಪ್ ಟಪ್ ಎಂದು ಮುಚ್ಚಿಕೊಂಡದ್ದು ಕೆಳಗಿನವರೆಗೂ ಕೇಳಿಸಿತು. ಶಂಕರ್ ಜೋರಾಗಿ ಶಿಳ್ಳೆ ಹಾಕಿದ.

ಅಲ್ಲಿಗೇ ಮುಗಿದಿದ್ದರೆ ಶಾಂತಮೂರ್ತಿಯನ್ನು ಒಬ್ಬ ದಡ್ಡ ಎಂದು ನಕ್ಕು ಸುಮ್ಮನಾಗಬಹುದಿತ್ತು. ಯಶೋದ ಎಲ್ಲ ಸರಿಯಾಗಿ ಹೋಗಿದೆಯೇ ಎಂದು ಪ್ರೋಗ್ರಾಮಿನ ಪಟ್ಟಿ ನೋಡುತ್ತ ಹೋದಳು. ಒಂದೊಂದು ಬಿನ್ನಿಗೂ ಗೋವಿಂದಯ್ಯನವರು ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದಿದ್ದರು.

"ಒಂಬತ್ತನೇ ಬಿನ್ನು, ಹತ್ತನೇ ಬಿನ್ನು" ಎಂದು ಓದಿದಳು. "ಮುಂದಕ್ಕೆ ಬೇಕಾದ್ರೆ ಅಂತ ಇಟ್ಟವ್ರೆ. ಸೊನ್ನೆ ಇರೋ ಕಡೆ ಒಂದು ಹಾಕಿ, ಎಷ್ಟು ಕೆ.ಜಿ. ಅಂತ ಬರೆದ್ರೆ ಸಾಕು ಅಂತ ಬರ್ದವ್ರೆ. ಇವನ್ನ್ಯಾಕೆ ಬಳಸ್ತಿಲ್ಲ ಸಾ?"

ಪುಟ್ಟಮಾದಪ್ಪ ಬಾಗಿಲಲ್ಲಿ ನಿಂತಿದ್ದ. ಯಂತ್ರ ಎದ್ದ ಸದ್ದು ಕೇಳಿ, ಹೆಗಲ ಮೇಲೆ ಚೀಲ ಇದ್ದ ಹಾಗೇ ನೋಡಲು ಬಂದಿದ್ದ. ಚೀಲವನ್ನು ನಿಧಾನವಾಗಿ ಕೆಳಗಿಳಿಸಿದ.

"ಏನಂದ್ರಿ ತಾಯಿ? ಇನ್ನೊಂದ್ಸಲ ಯೋಳಿ."

ಅವಳು ಇನ್ನೊಮ್ಮೆ ಹೇಳಿದಳು. ಅವಳಿಗೇನು ಗೊತ್ತು?

"ಸೊನ್ನೆ ತಾವು ಒಂದು ಅಂತ ಒತ್ತಿದ್ರೆ ಆಯ್ತಿತ್ತಾ? ನಾನು ಒರದು ಬೇಕೇ ಇರ್ನಿಲ್ವಾ?"

"ಪ್ರೋಗ್ರಾಂ ಮುಟ್ಬ್ಯಾಡ ಅಂತ ಗೋವಿಂದಯ್ಯನೋರೇ ನಂಗೇಳಿದ್ರು" ಎಂದ ಶಾಂತಮೂರ್ತಿ. ಅವನ ದನಿ ಅವನಿಗೇ ಸರಿಯಾಗಿ ಕೇಳಿಸಿರಲಾರದು.

ಪುಟ್ಟಮಾದಪ್ಪ ಕೂಗಾಡಲಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಆ ಲ್ಯಾಪ್‌ಟಾಪನ್ನು ಶಾಂತಮೂರ್ತಿಯ ತಲೆಯ ಮೇಲೆ ಹಾಕುತ್ತಿದ್ದೆ. ಪುಟ್ಟಮಾದಪ್ಪ ಎಡಗೈಯಲ್ಲಿ ಬಲಭುಜ ಹಿಡಿದುಕೊಂಡು ಹೇಳಿದ್ದು ಇಷ್ಟೇ:

"ಗೊತ್ತಿಲ್ಲ ಅಂದಿದ್ರೆ ಆಯ್ತಿತ್ತಲ್ಲಪ್ಪಾ. ನಾನೇನು ಬೈತಿದ್ನಾ? ಅನ್ನೆರಡು ವರ್ಸ ಕಣಪ್ಪಾ."

ಚೀಲ ಅಲ್ಲೇ ಬಿಟ್ಟು ಹೊರಗೆ ಹೋದ. ಆ ದಿನ ಮತ್ತೆ ಮೆಟ್ಟಿಲು ಹತ್ತಲಿಲ್ಲ. ಹತ್ತು ಎನ್ನುವ ಮುಖ ಯಾರಿಗೂ ಇರಲಿಲ್ಲ.

ಮರುದಿನ ಶಂಕರ್ ಒಂಬತ್ತನೇ ಬಿನ್ನಿನೊಳಗಿದ್ದ ಪಾರಿವಾಳದ ಗೂಡು ತೆಗೆದು, ಮೋಟಾರು ಬಿಚ್ಚಿ ತೊಳೆದು, ಎರಡು ಬೇರಿಂಗು ಬದಲಾಯಿಸಿದ. ಶನಿವಾರ ಯಶೋದ ಮತ್ತೆ ಬಂದು ಸೊನ್ನೆ ಇದ್ದ ಕಡೆ ಒಂದು ಹಾಕಿದಳು. ಪುಡಿ ತಾನಾಗಿ ಬಿತ್ತು, ಹತ್ತು ಕೆ.ಜಿ.ಗೆ ಸರಿಯಾಗಿ ನಿಂತಿತು. ಯಜಮಾನರು ಅದನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ತಿರುಗಿ, "ಹಂಗಾದ್ರೆ ಪುಟ್ಟಮಾದಪ್ಪ ಇನ್ನು ಯಾಕೆ?" ಎಂದರು. ಒಬ್ಬ ಮನುಷ್ಯನ ಭುಜ ತೆಗೆದುಕೊಂಡ ಮೇಲೆ ಕೇಳುವ ಪ್ರಶ್ನೆ ಅದು. ನನಗೆ ಸ್ಟೋರಿಗೆ ಆಳು ಬೇಕು ಎಂದೆ. ನಿಜವಾಗಿ ಬೇಕಿರಲಿಲ್ಲ. ಆ ಫ್ಯಾಕ್ಟರಿಯಲ್ಲಿ ಯಜಮಾನರಿಗೆ ನಾನು ಎದುರು ಮಾತಾಡಿದ್ದು ಅದೊಂದೇ ಸಲ. ಪುಟ್ಟಮಾದಪ್ಪ ಈಗ ನನ್ನ ಜೊತೆ ಇದ್ದಾನೆ, ಖಾಲಿ ಚೀಲ ಜೋಡಿಸುತ್ತಾನೆ. ಕೂತು ಮಾಡುವ ಕೆಲಸ.

ಯಶೋದಳನ್ನು ತಿಂಗಳ ಸಂಬಳದ ಮೇಲೆ ಬರುವಂತೆ ಕೇಳಿದೆವು. "ಅಂಗಡಿ ಬುಟ್ಟು ಬರಕ್ಕಾಗಲ್ಲ, ಕಷ್ಟ ಬಂದ್ರೆ ಫೋನ್ ಮಾಡಿ" ಎಂದಳು. ಆಫೀಸಿನ ಒಂದು ಕಂಪ್ಯೂಟರಿಗೂ ಆ ಕಿಟಕಿ ಕೂರಿಸಿ, ಯಾವ ಹೆಜ್ಜೆ ಆದ ಮೇಲೆ ಯಾವ ಹೆಜ್ಜೆ ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಪ್ಯಾನೆಲ್ ರೂಮಿನ ಗೋಡೆಗೆ ಅಂಟಿಸಿ ಹೋದಳು. ಶಂಕರ್ ಅದನ್ನು ನೋಡಿಕೊಂಡು ಈಗ ಎಲ್ಲ ಮಾಡುತ್ತಾನೆ. ಅಷ್ಟು ದೊಡ್ಡ ಗುಟ್ಟು ಒಂದು ಹಾಳೆಯಲ್ಲಿ, ಒಂದು ಮಗ್ಗುಲೂ ಪೂರ್ತಿ ತುಂಬದೆ, ಹಿಡಿಯಿತು.

ಶಾಂತಮೂರ್ತಿಯನ್ನು ಯಾರೂ ತೆಗೆಯಲಿಲ್ಲ. ಆದರೆ ಅವನು ಪ್ಯಾನೆಲ್ ರೂಮಿಗೆ ಬಂದರೆ ಯಾರೂ ಎದ್ದು ಹೊರಗೆ ಹೋಗುತ್ತಿರಲಿಲ್ಲ. ಟ್ಯೂಬ್‌ಲೈಟು ಕೆಟ್ಟಿದೆ, ಮೋಟಾರಿಗೆ ವೈರು ಎಳೆಯಬೇಕು ಎಂದು ಕರೆಯುತ್ತಿದ್ದರು. ಮಾಡುತ್ತಿದ್ದ, ಚೆನ್ನಾಗಿಯೇ ಮಾಡುತ್ತಿದ್ದ. ಅವನ ಕೈಯ ವೈರಿಂಗು ಈ ಸೀಮೆಯಲ್ಲೇ ಅಚ್ಚುಕಟ್ಟು, ಅದನ್ನು ಹೇಳಲೇಬೇಕು. ಆ ಕೆಲಸವೇ ಅವನನ್ನು ಮರ್ಯಾದೆಯಾಗಿ ಬದುಕಿಸಬಹುದಿತ್ತು. ಅವನಿಗೆ ಅದು ಅವಮಾನವಾಗಿ ಕಂಡಿತು. ಒಂದು ದಿನ ನನ್ನ ಬಳಿ ಬಂದು, "ನಾನು ಮುಟ್ಟದೆ ಕಾಪಾಡಿದ್ಕೇ ಅಲ್ವಾ ಶಿವನಂಜಣ್ಣ, ಪ್ರೋಗ್ರಾಂ ಅಷ್ಟು ವರ್ಷ ಕೆಡದೆ ನಿಂತಿದ್ದು?" ಎಂದ. ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದ. ನಾನು ಬ್ಯಾಟರಿಯ ಮಾತೆತ್ತಿದೆ. ಎದ್ದು ಹೋದ. ದೀಪಾವಳಿಗೆ ಮೊದಲೇ ಕೆಲಸ ಬಿಟ್ಟ.

ಕಾರ್ತಿಕದಲ್ಲಿ ಯಳಂದೂರಿನ ಕಡೆಯ ಒಂದು ರೈಸ್ ಮಿಲ್ಲಿನ ಮಾಲೀಕರು ನನಗೆ ಫೋನ್ ಮಾಡಿದರು. ಅವರ ಮಿಲ್ಲಿನಲ್ಲೂ ಹಳೆಯ ಪೆಟ್ಟಿಗೆ, ಹಳೆಯ ಸಾಫ್ಟ್‌ವೇರು. ಶಾಂತಮೂರ್ತಿ ಕೆಲಸಕ್ಕೆ ಕೇಳಿದ್ದಾನೆ, ಹೇಗೆ ಎಂದರು.

ಹದಿನೆಂಟು ವರ್ಷ ತಲೆಯಾಡಿಸಿದ್ದು ಸಾಕು ಎಂದುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ವೈರಿಂಗ್ ಬಹಳ ಚೆನ್ನಾಗಿ ಮಾಡ್ತಾನೆ, ಕಣ್ಣು ಮುಚ್ಚಿ ಇಟ್ಕೊಳಿ. ಪಿಎಲ್‌ಸಿ ಪ್ರೋಗ್ರಾಂ ಮಾತ್ರ ಅವನಿಗೆ ಏನೇನೂ ಗೊತ್ತಿಲ್ಲ."

ಆ ಕಡೆಯಿಂದ ನಗು ಕೇಳಿಸಿತು.

"ನೀವು ಹಿಂಗೇ ಅಂತೀರಿ ಅಂತ ಅವ್ರು ಮೊದ್ಲೇ ಹೇಳಿದ್ರು ಕಣ್ರಿ. ಅಲ್ಲಿ ಎಲ್ರಿಗೂ ಅವ್ರ ಮೇಲೆ ಹೊಟ್ಟೆಕಿಚ್ಚಂತೆ. ನಂಗಂತೂ ಅವ್ರ ಮಾತು ಕೇಳೇ ಧೈರ್ಯ ಬಂದೋಯ್ತು."

ಯಶೋದಳ ನಂಬರು ಕೊಡುತ್ತೇನೆ, ಬರೆದಿಟ್ಟುಕೊಳ್ಳಿ ಎಂದೆ. ಹ್ಞೂಂ ಹೇಳಿ ಎಂದರು. ಹತ್ತು ಅಂಕಿಯನ್ನೂ ಬಿಡಿಸಿ ಬಿಡಿಸಿ ಎರಡು ಸಲ ಹೇಳಿದೆ. ಬರೆದುಕೊಂಡರೋ ಇಲ್ಲವೋ ಗೊತ್ತಿಲ್ಲ.